ಒಳಗೆಳೆದ ಉಸಿರಿನ ಅಳತೆ

ಜನವರಿ 9

ಅಕ್ಕಾ,

ನಿನ್ನ ತಂಗಿ ಈ ವಾರ ಮೂರು ರಿಬ್ಬನ್ ಕತ್ತರಿಸಿದಳು. ಒಂದು ಕನ್ನಡಕದ ಅಂಗಡಿ, ಒಂದು ಈಜುಕೊಳ, ಇನ್ನೊಂದು ಏನೆಂದು ನನಗೂ ಸರಿಯಾಗಿ ಗೊತ್ತಾಗಲಿಲ್ಲ, ಒಳಗೆ ಬರೀ ಕುರ್ಚಿಗಳಿದ್ದವು. ನೀನು ನಾಟಕ ಕಂಪನಿಯ ಉಡುಪಿನ ಕೋಣೆಯಲ್ಲಿ ಮೂವತ್ತು ವರ್ಷ ಕತ್ತರಿ ಹಿಡಿದೆ, ಒಂದು ದಿನವಾದರೂ ಯಾರಾದರೂ ಚಪ್ಪಾಳೆ ತಟ್ಟಿದರಾ? ನಾನು ಒಂದು ಸಲ ಹಿಡಿದರೆ ಬೀದಿ ತುಂಬ ಜನ ತಟ್ಟುತ್ತಾರೆ. ಹೊಟ್ಟೆ ಉರಿದುಕೊ.

ಎಲ್ಲಾ ಕಡೆ ಒಂದೇ ಕಥೆ. ಹೂಗುಚ್ಛ ಕೊಡುತ್ತಾರೆ, ಮೈಕು ಕೊಡುತ್ತಾರೆ, ಆಮೇಲೆ ಹಲ್ಲು ಕಿರಿದು, “ಮೇಡಂ, ಎರಡೇ ಎರಡು ಸಾಲು ಹಾಡ್ಬಿಡಿ” ಅನ್ನುತ್ತಾರೆ. ನಾನು ಗಂಟಲು ಮುಟ್ಟಿಕೊಂಡು, “ಹೊಸ ನಾಟಕದವರ ಒಪ್ಪಂದ, ಹಾಡೋ ಹಾಗಿಲ್ಲ” ಅನ್ನುತ್ತೇನೆ. ಪಾಪ, ನಂಬುತ್ತಾರೆ.

ಹೌದು, ಹೊಸ ನಾಟಕ! ಎರಡು ವರ್ಷದ ಮೇಲೆ. ಪೂರ್ತಿ ಸಂಗೀತ ನಾಟಕ, ನಾನೇ ನಾಯಕಿ. ದೀಪಸ್ತಂಭ ಕಾಯುವ ಹೆಂಗಸಿನ ಪಾತ್ರ. ಬಿರುಗಾಳಿಯಲ್ಲಿ ದೀಪ ಕೆಟ್ಟುಹೋಗುತ್ತದೆ, ಅವಳು ಬಂಡೆಯ ಮೇಲೆ ನಿಂತು ಬರೀ ದನಿಯಿಂದ ದೋಣಿಗಳನ್ನು ದಡಕ್ಕೆ ಕರೆಯುತ್ತಾಳೆ. ಕೊನೆಯ ಹಾಡಿನಲ್ಲಿ “ಬನ್ನಿ” ಎಂಬ ಒಂದೇ ಪದವನ್ನು ಹದಿನಾರು ಎಣಿಕೆ ಎಳೆಯಬೇಕು. ಸಂಗೀತ ಮಾಡಿದವರು ನಮ್ಮ ಹಳೆಯ ಮೇಷ್ಟ್ರೇ. ತಾಲೀಮಿನಲ್ಲಿ ಎಲ್ಲರೂ ಅದನ್ನು “ಆ ಹದಿನಾರು” ಅನ್ನುತ್ತಾರೆ. ಮೇ ತಿಂಗಳಲ್ಲಿ ಮೊದಲ ಪ್ರದರ್ಶನ.

ಉಡುಪು ನೀನೇ ಹೊಲಿಯಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದೇನೆ. ಇಲ್ಲಿಯ ದರ್ಜಿಗಳು ಎದೆಗೆ ಒಂದೇ ಅಳತೆ ತೆಗೆಯುತ್ತಾರೆ. ಉಸಿರು ಬಿಟ್ಟಾಗ ಒಂದು, ಒಳಗೆಳೆದಾಗ ಒಂದು ಎಂದು ಎರಡು ಸಲ ಟೇಪು ಸುತ್ತುವವಳು ನೀನೊಬ್ಬಳೇ. ನನ್ನ ಎರಡನೇ ನಾಟಕದಲ್ಲಿ ದೊಡ್ಡ ಸ್ವರಕ್ಕೆ ಗುಂಡಿ ಕಿತ್ತುಹೋಗಿ ಮುಂದಿನ ಸಾಲಿನ ಮುದುಕರೊಬ್ಬರ ಮಡಿಲಿಗೆ ಬಿದ್ದಿತ್ತಲ್ಲ, ಅಲ್ಲಿಂದ ಶುರುವಾದ ಪದ್ಧತಿ. ಬರೆದುಕೊ: ಹೊರಗೆ 33, ಒಳಗೆ 36. ಎಂದಿನಂತೆ.

ಫೋನ್ ಮಾಡಬೇಡ. ತಾಲೀಮಿನ ದಿನಗಳಲ್ಲಿ ನನ್ನ ಬಾಯಿಗೆ ಬೀಗ, ನಿನಗೆ ಗೊತ್ತೇ ಇದೆ.

ನಿನ್ನ ಚೂಟಿ


ಜನವರಿ 21

ಚೂಟಿ,

ಉರಿದುಕೊಂಡೆ, ಆಯ್ತಾ? ಈಗ ಸಮಾಧಾನವಾಯಿತೇ?

ನಿನ್ನ ಭಾವ ಈಗ ಕೋಲು ಹಿಡಿದು ಅಂಚೆ ಡಬ್ಬದವರೆಗೆ ನಡೆಯುತ್ತಾರೆ. ಮಂಡಿಯ ಆಪರೇಷನ್ ಆದ ಮೇಲೆ ಮನೆಯಲ್ಲಿ ಕೂತು ಕೂತು ಹೊಸ ಚಟ ಹಚ್ಚಿಕೊಂಡಿದ್ದಾರೆ. ಪೇಪರಿನಲ್ಲಿ ನಿನ್ನ ಫೋಟೋ ಬಂದರೆ ನನ್ನ ಒಳ್ಳೆಯ ಕತ್ತರಿಯಲ್ಲೇ ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಾರೆ. ಬಟ್ಟೆಯ ಕತ್ತರಿಗೆ ಕಾಗದ ಕೊಡಬೇಡಿ ಎಂದು ಬಾಯಿ ನೋಯಿಸಿಕೊಂಡೆ. “ನಿನ್ನ ತಂಗಿ ಕಣೇ, ಬರೀ ಕಾಗದ ಅಂತೀಯಲ್ಲ” ಅಂದರು.

ಆ ಪುಸ್ತಕ ನೋಡಿಯೇ ಕೇಳುತ್ತಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಬೂದು ಶಾಲು, ಈಜುಕೊಳದಲ್ಲಿ ಬೂದು ಶಾಲು, ಕುರ್ಚಿಗಳ ಮಧ್ಯೆಯೂ ಅದೇ ಶಾಲು, ಕತ್ತಿನಿಂದ ಸೊಂಟದವರೆಗೆ. ಐವತ್ತೆರಡಕ್ಕೆ ಮೈ ಸ್ವಲ್ಪ ತುಂಬಿಕೊಂಡರೆ ಅದೇನು ಕಳ್ಳಮಾಲೇ, ಮುಚ್ಚಿಡುವುದಕ್ಕೆ? ಅಕ್ಟೋಬರಿನಲ್ಲಿ ಮೂರು ವಾರ ಒಂದು ಸಾಲೂ ಬರೆಯದೆ ನಾಟಕದ ಓದಿಗೆ ಹೋಗಿದ್ದೆ ಅಂದೆಯಲ್ಲ, ಅಲ್ಲಿ ಚೆನ್ನಾಗಿ ಊಟ ಹಾಕಿದ್ದರೇನೋ.

33, 36 ಎಂದು ಬರೆದಿದ್ದೀಯ. ಸರಿ. ನೀನು ಹೇಳಿದೆ, ನಾನು ಕೇಳಿಸಿಕೊಂಡೆ. ಉಳಿದದ್ದು ನನ್ನ ಕೈಗೆ ಬಿಡು. ಬಟ್ಟೆ ಆರಿಸಿದ್ದೇನೆ, ಗಾಢ ನೀಲಿ, ದಪ್ಪನೆಯದು. ಬಂಡೆಯ ಮೇಲೆ ನಿಲ್ಲುವವಳಿಗೆ ಹಾರಾಡುವ ಬಟ್ಟೆ ಹೊಂದುವುದಿಲ್ಲ.

ಅಕ್ಕ


ಫೆಬ್ರವರಿ 15

ಅಕ್ಕಾ,

ನಾನು ದಪ್ಪಗಾಗಿದ್ದೇನೆ ಎಂದು ಭಾವನ ಮುಂದೆಯೂ ಹೇಳಿದೆಯಾ? ನಿನ್ನ ಬಾಯಿಗೆ ಹೊಲಿಗೆ ಹಾಕುವವರು ಯಾರು!

ಈ ತಿಂಗಳು ಭಿತ್ತಿಚಿತ್ರ ಬಿಡುಗಡೆಯಾಯಿತು. ಬಸ್ಸಿನ ಬೆನ್ನ ಮೇಲೆಲ್ಲ ನಾನೇ. ನಿನ್ನೆ ಸಿಗ್ನಲ್‌ನಲ್ಲಿ ನನ್ನ ಕಾರಿನ ಮುಂದೆ ನಾನೇ ನಿಂತಿದ್ದೆ, ಹೊಗೆ ಬಿಡುತ್ತ. ರೇಡಿಯೋದಲ್ಲಿ ಸಂದರ್ಶನ, ಕಾಲೇಜಿನಲ್ಲಿ ಭಾಷಣ, ಭಾನುವಾರ ಮಕ್ಕಳ ಗಾಯನ ಸ್ಪರ್ಧೆಗೆ ತೀರ್ಪುಗಾರಳು. ಅಲ್ಲಿ ಬಹುಮಾನ ತೆಗೆದುಕೊಂಡ ಒಂದು ಪುಟಾಣಿ ಹುಡುಗಿ ನನ್ನ ಕಿವಿಯಲ್ಲಿ, “ನೀವು ಹಾಡೋದು ನಿಜಾನಾ? ನಾನು ಯಾವತ್ತೂ ಕೇಳಿಲ್ಲ” ಅಂದಳು. ಕೆನ್ನೆ ಹಿಂಡಿ ಕಳಿಸಿದೆ.

ಒಂದು ವಿಷಯ. ಆ ಹದಿನಾರನ್ನು ಮೊದಲೇ ಧ್ವನಿಮುದ್ರಿಸಿ ಇಡೋಣ, ತುಂಡು ತುಂಡಾಗಿ ಹಾಡಿ ಜೋಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿರ್ದೇಶಕರ ಯೋಚನೆ. ರಂಗದ ಮೇಲೆ ನಾನು ಬಾಯಿ ತೆರೆದು ನಿಂತರೆ ಸಾಕಂತೆ. ಈಗ ಎಲ್ಲಾ ಕಡೆ ಹೀಗೆಯೇ ನಡೆಯುತ್ತದೆ. ತಪ್ಪೇನಿಲ್ಲ ಅಲ್ಲವಾ?

ನಾಟಕದ ಅಂಗಿ ಎಲ್ಲಿಗೆ ಬಂತು?

ಚೂಟಿ


ಮಾರ್ಚ್ 2

ಚೂಟಿ,

ಅಂಗಿ ಇವತ್ತು ಪಾರ್ಸೆಲ್ ಮಾಡಿದೆ. ಗುಂಡಿಯ ಕಾಜಾ ಎಲ್ಲ ಕೈಯಲ್ಲೇ ಹೊಲಿದದ್ದು, ಎಂಟು ದಿನ ಹಿಡಿಯಿತು. ಬೆರಳ ತುದಿ ಜರಡಿಯಾಗಿದೆ. ಹಾಕಿಕೊಂಡು ನೋಡಿ ಬರೆ.

ನಿನ್ನ ನಿರ್ದೇಶಕರಿಗೆ ಹೇಳು, ಬಾಯಿ ತೆರೆದು ನಿಲ್ಲುವುದಕ್ಕೆ ಬಟ್ಟೆ ಅಂಗಡಿಯ ಗೊಂಬೆ ಸಾಕು, ಅದಕ್ಕೆ ಉಸಿರಿನ ಅಳತೆಯೂ ಬೇಡ. ತಪ್ಪೇನಿಲ್ಲ ಅಲ್ಲವಾ ಎಂದು ನನ್ನನ್ನು ಕೇಳುತ್ತೀಯ! ಹದಿನೇಳನೇ ವಯಸ್ಸಿಗೆ ಮೈಕು ಕೆಟ್ಟ ದಿನ ಹಿಂದಿನ ಸಾಲಿಗೆ ಕೇಳುವ ಹಾಗೆ ಹಾಡಿದವಳು ನೀನು. ಅವರಿಗೆ ಬೆಣ್ಣೆ ಹಚ್ಚುತ್ತ ಕೂರಬೇಡ, ಆಗಲ್ಲ ಅನ್ನು.

ಅಕ್ಕ


ಮಾರ್ಚ್ 9

ಅಕ್ಕಾ,

ಅಂಗಿ ಬಂತು. ಹಾಕಿಕೊಂಡೆ. ಕನ್ನಡಿಯಲ್ಲಿ ನಾನು ಎಲ್ಲೂ ಕಾಣಿಸಲಿಲ್ಲ. ಇನ್ನೊಬ್ಬರು ಒಳಗೆ ಬಂದು, ಕೂತು, ಕಾಫಿ ಕುಡಿದು ಹೋಗುವಷ್ಟು ಜಾಗವಿತ್ತು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನೆಲದ ಮೇಲೆ ಕೂತುಬಿಟ್ಟೆ. ಕೂತಲ್ಲೇ ಬರೆಯುತ್ತಿದ್ದೇನೆ.

ಟೇಪು ಹಿಡಿದು ನೋಡಿದೆ, 39ಕ್ಕೆ ಹೊಲಿದಿದ್ದೀಯ. ನಿನ್ನ ಕೈ ಅಳತೆ ತಪ್ಪುವ ಕೈಯಲ್ಲ. ಅಂದರೆ ನಾನು ಸುಳ್ಳು ಹೇಳಿದ್ದೇನೆ ಎಂದು ನಿನಗೆ ಗೊತ್ತಾಗಿದೆ. ದಪ್ಪಗಾದದ್ದನ್ನು ಮುಚ್ಚಲು ಕಡಿಮೆ ಬರೆದಿದ್ದಾಳೆ ಎಂದುಕೊಂಡು ಮೂರು ಇಂಚು ಸೇರಿಸಿದ್ದೀಯ. ಅಲ್ಲ ಅಕ್ಕಾ. ನಾನು ಹೆಚ್ಚು ಬರೆದಿದ್ದೆ.

ಅಕ್ಟೋಬರಿನಲ್ಲಿ ನಾನು ಯಾವ ಓದಿಗೂ ಹೋಗಿರಲಿಲ್ಲ. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದೆ. ನ್ಯುಮೋನಿಯಾ, ಎದೆಯಲ್ಲಿ ನೀರು ತುಂಬಿತ್ತು, ಬೆನ್ನಿಗೆ ಸೂಜಿ ಹಾಕಿ ತೆಗೆದರು. ಅದೇ ವಾರ ಭಾವನ ಮಂಡಿಯ ಆಪರೇಷನ್. ಹೇಳಿದ್ದರೆ ನೀನು ಅವರನ್ನು ಬಿಟ್ಟು ಓಡಿ ಬರುತ್ತಿದ್ದೆ. ಅದಕ್ಕೇ ಹೇಳಲಿಲ್ಲ ಅನ್ನುವುದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಿನ್ನ ಮುಂದೆ ಹೇಳಿಬಿಟ್ಟರೆ ಅದು ನಿಜವೇ ಆಗಿಹೋಗುತ್ತದೆ ಎಂದು ನನಗೆ ಭಯ.

ಮೈ ಇಳಿದುಹೋಗಿದೆ, ಅದಕ್ಕೇ ಶಾಲು. ಧ್ವನಿಮುದ್ರಣ ಬೇಕೆಂದು ಕೇಳಿದ್ದು ನಿರ್ದೇಶಕರಲ್ಲ, ನಾನೇ. ಅವರಿಗೆ ನನ್ನ ಕಾಯಿಲೆ ಗೊತ್ತಿಲ್ಲ, ತಾಲೀಮಿನಲ್ಲಿ ಗಂಟಲು ಉಳಿಸುವ ನೆಪ ಹೇಳಿ ಮೆಲ್ಲಗೆ ಗುನುಗುತ್ತೇನೆ. ಸಿಕ್ಕ ಸಿಕ್ಕ ರಿಬ್ಬನ್ ಕತ್ತರಿಸುವುದೂ ಅಷ್ಟಕ್ಕೇ. ಜನ ನನ್ನನ್ನು ನೋಡುತ್ತಾರೆ, ಆದರೆ ಹಾಡಬೇಕಾಗಿಲ್ಲ. ಆ ಹದಿನಾರರಲ್ಲಿ ಆರಕ್ಕೆ ನನ್ನ ಉಸಿರು ಮುಗಿಯುತ್ತದೆ.

ಅಂಗಿ ವಾಪಸ್ಸು ಕಳಿಸುತ್ತಿದ್ದೇನೆ. ನಿಜವಾದ ಅಳತೆ: ಹೊರಗೆ 32, ಒಳಗೆ 33. ಒಂದೇ ಇಂಚು, ಅಕ್ಕಾ. ಮೂರಿದ್ದದ್ದು.

ಚೂಟಿ


ಮಾರ್ಚ್ 15

ಚೂಟಿ,

ನಿನ್ನ ಕಾಗದ ಓದಿದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ಮೇಲೆ. ಒಬ್ಬಳು ಫೋಟೋದಲ್ಲಿ ಶಾಲು ಹೊದ್ದರೆ, ಅವಳು ಸೊರಗಿದ್ದಾಳೋ ತುಂಬಿಕೊಂಡಿದ್ದಾಳೋ ಎಂದು ಹೇಳಲಾಗದ ಮೇಲೆ ನಾನೆಂಥ ದರ್ಜಿ, ಎಂಥ ಅಕ್ಕ?

ಬಿಟ್ಟುಬಿಡು. ನೇರವಾಗಿ ಹೇಳುತ್ತಿದ್ದೇನೆ. ಮೂವತ್ತೈದು ವರ್ಷ ಹಾಡಿದೆ, ಜನ ತಲೆ ಮೇಲೆ ಹೊತ್ತು ಕುಣಿದರು, ಸಾಲದೇ? ಪಾತ್ರವನ್ನು ಬೇರೆಯವರಿಗೆ ಕೊಡು, ಇಲ್ಲಿಗೆ ಬಾ. ಹಿಂದಿನ ಕೋಣೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಹಾಡು ಹೋದರೆ ಹೋಗಲಿ, ನನಗೆ ನೀನು ಬೇಕು.

ಅಂಗಿ ಹೊಲಿಗೆ ಯಂತ್ರದ ಮೇಲೆ ಬಿದ್ದಿದೆ. ನಾನು ಅದನ್ನು ಮುಟ್ಟುವುದಿಲ್ಲ.

ಅಕ್ಕ


ಮಾರ್ಚ್ 24

ಹೊರಗೆ 32. ಒಳಗೆ 33.

ಚೂಟಿ


ಮಾರ್ಚ್ 31

32. 33. ಅಲ್ಲೇ ಇದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಉಸಿರಿನ ಅಭ್ಯಾಸ. ಮೇಷ್ಟ್ರಿಗೆ ಮಾತ್ರ ಹೇಳಿದ್ದೇನೆ. ಬೈದರು, ಆಮೇಲೆ ಪಿಯಾನೋ ಮುಂದೆ ಕೂತರು.

ಚೂಟಿ


ಏಪ್ರಿಲ್ 7

32. ಮೂವತ್ತಮೂರೂ ಕಾಲು. ಕಾಲು, ಅಕ್ಕಾ!

ಚೂಟಿ


ಏಪ್ರಿಲ್ 11

ಚೂಟಿ,

ನಿನ್ನ ಕಾರ್ಡುಗಳಿಗೆ ಉತ್ತರ ಕೊಡಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ. ಬಾ ಎಂದು ಕರೆದರೆ ನಂಬರು ಕಳಿಸುತ್ತಾಳಲ್ಲ, ಎಷ್ಟು ಸೊಕ್ಕು ಎಂದು. ಆದರೆ ಕಾಲು ಇಂಚಿನ ಕಾರ್ಡು ಬಂದಾಗ ಅಡುಗೆಮನೆಯಲ್ಲಿ ಕೂಗಿಕೊಂಡೆ. ಭಾವ ಕೋಲು ಬಿಟ್ಟು ಓಡಿ ಬಂದರು. ಏನಾಯ್ತೇ ಅಂದರು. “ಕಾಲು ಇಂಚು” ಅಂದೆ. “ಯಾರ ಕಾಲು?” ಎಂದು ತಮ್ಮ ಮಂಡಿ ನೋಡಿಕೊಂಡರು. ಆಮೇಲೆ ಎಲ್ಲಾ ಹೇಳಿದೆ. ಅವರು, “ಬಿಡು ಅಂತ ಅವಳಿಗೆ ಹೇಳಿದ್ಯಾ? ನಿನಗೆ ಸೂಜಿ ಮುಟ್ಟಬೇಡ ಅಂತ ಯಾರಾದ್ರೂ ಹೇಳಿದ್ರೆ ಏನ್ಮಾಡ್ತಿದ್ದೆ?” ಅಂದರು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಈ ಗಂಡಸರು ಅಪರೂಪಕ್ಕೆ ಸರಿಯಾದ ಮಾತಾಡಿದರೆ ಮೈಯೆಲ್ಲ ಉರಿಯುತ್ತದೆ.

ನನ್ನದು ತಪ್ಪಾಯಿತು. ಹೆದರಿಕೊಂಡು ಹಾಗೆ ಬರೆದೆ.

ಅಂಗಿಯನ್ನು ಪೂರಾ ಬಿಚ್ಚಿದೆ. 33ಕ್ಕೆ ಹಿಡಿದು ಹೊಲಿಯಲಿಲ್ಲ. ಬೆನ್ನಿನ ಹೊಲಿಗೆ ತೆಗೆದು ಎರಡೂ ಅಂಚಿಗೆ ಹನ್ನೆರಡು ಹನ್ನೆರಡು ಕಣ್ಣು ಹೊಲಿದು ದಾರ ಪೋಣಿಸಿ ಕಳಿಸಿದ್ದೇನೆ. ಈಗ ಬಿಗಿಯಾಗಿ ಕಟ್ಟಿಕೊ. ಎದೆ ಎಷ್ಟು ತುಂಬುತ್ತದೋ ದಾರ ಅಷ್ಟು ಬಿಡು. ಪ್ರತಿ ವಾರ ಅಳತೆ ಬರೆ, ನಿಜವಾದದ್ದು. ಇನ್ನೊಂದು ಸಲ ನನ್ನ ಹತ್ತಿರ ಕಾಗೆ ಹಾರಿಸಿದರೆ ಅಲ್ಲಿಗೇ ಬಂದು ಎಲ್ಲರ ಮುಂದೆ ಕಿವಿ ಹಿಂಡುತ್ತೇನೆ.

ಅಕ್ಕ


ಏಪ್ರಿಲ್ 23

ಅಕ್ಕಾ,

ಮೊದಲು ಅಳತೆ: 32, 34. ಈಗ ಕೇಳು.

ನಿನ್ನೆ ಪತ್ರಿಕಾಗೋಷ್ಠಿ. ದೊಡ್ಡ ಹೋಟೆಲಿನ ಸಭಾಂಗಣ, ನಲವತ್ತು ಮಂದಿ, ಮೇಜಿನ ಮೇಲೆ ಮೈಕುಗಳ ರಾಶಿ. ಮೂಲೆಯಲ್ಲಿ ಪಿಯಾನೋ ಮುಂದೆ ಮೇಷ್ಟ್ರು. ನಿನ್ನ ನೀಲಿ ಅಂಗಿ ಹಾಕಿದ್ದೆ, ಶಾಲಿಲ್ಲದೆ. ಪ್ರಶ್ನೆಗಳೆಲ್ಲ ಮುಗಿದವು ಅನ್ನುವಾಗ ಹಿಂದಿನಿಂದ ಒಬ್ಬರು ಎದ್ದು ನಿಂತರು. “ಮೇಡಂ, ಎರಡೇ ಎರಡು ಸಾಲು.”

ಒಪ್ಪಂದದ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲ ಹೇಳಿದ್ದೇನೆ ಅಂದರೆ ಅದಕ್ಕೊಂದು ರಾಗವೇ ಬಂದುಬಿಟ್ಟಿದೆ. ಯಾಕೋ ಸಾಕಾಯಿತು ಅಕ್ಕಾ. ಎದ್ದು ಪಿಯಾನೋ ಪಕ್ಕ ಹೋಗಿ ನಿಂತೆ. ಮೇಷ್ಟ್ರು ಯಾವುದು ಎಂದು ಹುಬ್ಬಲ್ಲೇ ಕೇಳಿದರು. “ಆ ಹದಿನಾರು” ಅಂದೆ. ಅವರ ಮುಖ ಬಿಳಿಚಿಕೊಂಡಿತು.

ಒಂಬತ್ತರವರೆಗೆ ಬಂದೆ. ಒಂಬತ್ತಕ್ಕೆ ಎದೆ ಖಾಲಿ. ನಿಂತುಬಿಟ್ಟೆ. ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತ್ತು, ಇಳಿಯಲಿಲ್ಲ. ಕಾದರು. ನಾನು ಕದ್ದುಮುಚ್ಚಿ ಅಲ್ಲ, ಎಲ್ಲರಿಗೂ ಕಾಣುವ ಹಾಗೆ, ಕೇಳುವ ಹಾಗೆ, ತುಂಬ ಉಸಿರು ಎಳೆದುಕೊಂಡೆ. ಉಳಿದ ಏಳನ್ನು ಹಾಡಿದೆ. ಆ ಏಳು ಮೊದಲಿನ ಒಂಬತ್ತಕ್ಕಿಂತ ದೊಡ್ಡದಾಗಿ ಬಂತು. ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ನಲವತ್ತು ಪತ್ರಕರ್ತರು ಎದ್ದು ನಿಂತು ಚಪ್ಪಾಳೆ ತಟ್ಟುವುದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಒಬ್ಬರು, ಆ ನಿಲುಗಡೆ ಹಾಡಿನಲ್ಲೇ ಇದೆಯಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, “ಅವಳು ಬಿರುಗಾಳಿಗೆ ಎದುರಾಗಿ ನಿಂತು ಕೂಗ್ತಿದ್ದಾಳೆ ಸ್ವಾಮಿ. ನಡುವೆ ಉಸಿರು ತಗೋಬೇಡ್ವಾ? ಇಷ್ಟು ದಿನ ನನಗೇ ಹೊಳೆದಿರಲಿಲ್ಲ” ಅಂದರು. ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಆಸ್ಪತ್ರೆಯ ವಿಷಯ, ಇಪ್ಪತ್ತೆರಡು ದಿನ, ಧ್ವನಿಮುದ್ರಣ ಕೇಳಿದ್ದು, ಎಲ್ಲಾ ಹೇಳಿದೆ. ನಿರ್ದೇಶಕರು ಕೂತಲ್ಲೇ ಬೆವರಿದರು. ಹೊರಗೆ ಬಂದ ಮೇಲೆ, “ನಂಗೆ ಮೊದಲೇ ಹೇಳಬಾರದಿತ್ತಾ?” ಎಂದು ಜಗಳ ಆಡಿದರು, ಜಗಳ ಆಡುತ್ತಲೇ ಧ್ವನಿಮುದ್ರಣ ರದ್ದು ಮಾಡಿದರು.

ಇವತ್ತು ಬೆಳಿಗ್ಗೆಯಿಂದ ಫೋನ್ ನಿಂತಿಲ್ಲ, ಸಹಾಯಕಿ ಎತ್ತುತ್ತಿದ್ದಾಳೆ. ಮೊದಲ ಹತ್ತು ಪ್ರದರ್ಶನದ ಟಿಕೆಟ್ ಖಾಲಿ. ಮುಂದಿನ ವರ್ಷಕ್ಕೆ ಇನ್ನೊಂದು ನಾಟಕ ಕೇಳಿದ್ದಾರೆ. ಇನ್ನು ಯಾವ ಅಂಗಡಿಯ ರಿಬ್ಬನ್‌ಗೂ ನನಗೆ ಬಿಡುವಿಲ್ಲ!

ಚೂಟಿ


ಮೇ 2

ಚೂಟಿ,

ಪೇಪರ್ ನೋಡಿದೆವು. ಭಾವ ಆ ಪುಟವನ್ನು ಕತ್ತರಿಸದೆ ಇಡಿಯಾಗಿ ಗೋಡೆಗೆ ಅಂಟಿಸಿದ್ದಾರೆ. ಹಾಲು ತರುವವಳಿಂದ ಹಿಡಿದು ಪಕ್ಕದ ಮನೆಯ ನಿವೃತ್ತ ಲೆಕ್ಕಿಗರವರೆಗೆ ಎಲ್ಲರಿಗೂ ತೋರಿಸಾಯಿತು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ.

ಮೊದಲ ಪ್ರದರ್ಶನಕ್ಕೆ ನನ್ನನ್ನು ಕಾಯಬೇಡ. ಭಾವನಿಗೆ ಅಷ್ಟು ದೂರದ ಪ್ರಯಾಣ ಕಷ್ಟ.

ಅಕ್ಕ


ಮೇ 10

ಅಕ್ಕಾ,

ಭಾವ ಗುಟ್ಟಾಗಿ ನನಗೆ ಕಾರ್ಡು ಬರೆದಿದ್ದಾರೆ. “ಬಸ್ಸಿನಲ್ಲಿ ಕೂರಲು ನನಗೇನೂ ಕಷ್ಟವಿಲ್ಲ. ನಿನ್ನಕ್ಕನಿಗೆ ನಿನ್ನ ಉಸಿರು ನಿಲ್ಲುವುದನ್ನು ನೋಡಲು ಧೈರ್ಯವಿಲ್ಲ” ಅಂತೆ. ಈಗ ಯಾರು ಯಾರ ಕಿವಿ ಹಿಂಡಬೇಕು?

ಎರಡು ಟಿಕೆಟ್ ಇಟ್ಟಿದ್ದೇನೆ, ಹದಿನೇಳನೇ ತಾರೀಕು, ಸಂಜೆ ಆರೂವರೆ, ಮೂರನೇ ಸಾಲು, ನಟ್ಟನಡುವೆ. ಪರದೆ ಪಕ್ಕದಲ್ಲಿ ಸೂಜಿ ದಾರ ಹಿಡಿದು ನಿಲ್ಲುತ್ತೇನೆ ಅನ್ನಬೇಡ, ಅಲ್ಲಿ ಈಗ ಹೊಸ ಹುಡುಗಿಯರಿದ್ದಾರೆ.

ಇವತ್ತು 34, ಅದರ ಮೇಲೆ ಅರ್ಧ. 36 ಇನ್ನು ಬರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟರು. ಬರದಿದ್ದರೆ ಬೇಡ. ಇರುವಷ್ಟರಲ್ಲೇ ಹಾಡುತ್ತೇನೆ. ನನಗೂ ಭಯ ಇದೆ ಅಕ್ಕಾ, ಬಾ.

ಚೂಟಿ


ಮೇ 19

ಚೂಟಿ,

ಮನೆ ಮುಟ್ಟಿದೆವು. ಆಟ ಮುಗಿದ ಮೇಲೆ ನಿನ್ನ ಕೋಣೆಗೆ ಬಂದಾಗ ನಿನಗೆ ಮಾತಾಡುವ ಹಾಗಿರಲಿಲ್ಲ, ನನಗೆ ಅಳು. ಮೂಕರ ಹಾಗೆ ಕೈ ಕೈ ಹಿಡಿದು ನಿಂತು ಬಂದದ್ದಾಯಿತು. ಹೇಳಬೇಕಾದದ್ದೆಲ್ಲ ಬಸ್ಸಿನಲ್ಲಿ ಭಾವನಿಗೆ ಹೇಳಿ ಅವರ ತಲೆ ತಿಂದೆ. ಈಗ ನಿನ್ನ ಸರದಿ.

ಸಾವಿರ ಜನ ಎದ್ದು ನಿಂತದ್ದು, ಪರದೆ ಐದು ಸಲ ಮೇಲೆ ಹೋದದ್ದು, ಪಕ್ಕದ ಸೀಟಿನ ದಪ್ಪ ಮನುಷ್ಯ ಕರವಸ್ತ್ರ ಸಾಲದೆ ಭಾವನದನ್ನು ಕೇಳಿ ತೆಗೆದುಕೊಂಡದ್ದು, ಇವೆಲ್ಲ ನಿನಗೆ ಬೇರೆಯವರು ಬರೆಯುತ್ತಾರೆ. ಅಂಗಿಯ ಎಡತೋಳು ಸ್ವಲ್ಪ ಎಳೆಯುತ್ತಿದೆ, ಅದನ್ನು ಮಾತ್ರ ಬೇರೆಯವರು ಬರೆಯುವುದಿಲ್ಲ. ಕಳಿಸು, ಸರಿ ಮಾಡುತ್ತೇನೆ.

ನಾನು ಹೇಳಬೇಕೆಂದದ್ದು ಬೇರೆ. ಮೂವತ್ತು ವರ್ಷ ನಿನ್ನ ಎಲ್ಲ ನಾಟಕಗಳನ್ನೂ ನಾನು ಹಿಂದಿನಿಂದ ನೋಡಿದವಳು. ಯಾವ ಸ್ವರಕ್ಕೆ ಯಾವ ಹೊಲಿಗೆ ಬಿಗಿಯುತ್ತದೆ, ಎಲ್ಲಿ ಬೆವರುತ್ತೀಯ, ಎಲ್ಲಾ ಬಲ್ಲೆ. ನಿನ್ನ ಬೆನ್ನು ನನಗೆ ಬಾಯಿಪಾಠ. ಎದುರು ಕೂತು ನೋಡಿದ್ದು ಮೊನ್ನೆಯೇ ಮೊದಲು.

ಕೊನೆಯ ಹಾಡು ಬಂತು. ನಾನು ಭಾವನ ಕೈಯನ್ನು ಹಿಡಿದ ಹಿಡಿತಕ್ಕೆ ಇವತ್ತಿಗೂ ಅವರ ಬೆರಳು ಕೆಂಪಗಿದೆ. ಎಣಿಸುತ್ತಿದ್ದೆ. ಏಳು, ಎಂಟು, ಒಂಬತ್ತು, ಹತ್ತು. ಹತ್ತಕ್ಕೆ ನಿನ್ನ ದನಿ ನಿಂತಿತು. ಕಣ್ಣು ಮುಚ್ಚಿಬಿಡಬೇಕು ಅನ್ನಿಸಿತು, ಮುಚ್ಚಲಿಲ್ಲ. ಇಡೀ ಸಭೆ ಉಸಿರು ಹಿಡಿದು ಕೂತಿತ್ತು, ನೀನೊಬ್ಬಳೇ ನಿಧಾನಕ್ಕೆ ಉಸಿರು ಎಳೆದುಕೊಂಡೆ. ನಿನಗೆ ಭಯವಿರುತ್ತದೆ ಎಂದುಕೊಂಡು ಮುಖ ನೋಡಿದೆ.

ನೀನು ನಗುತ್ತಿದ್ದೆ, ಚೂಟಿ. ಹಾಡುವಾಗ ನೀನು ನಗುತ್ತೀಯ ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಅಕ್ಕ